ಎಂಎಂಎಗೆ ಮೊದಲು ಕುಸ್ತಿಯೋ, ಜಿಯು ಜಿಟ್ಸುವೋ? ಶುರು ಮಾಡುವವರಿಗೆ ಹಂತ ಹಂತದ ದಾರಿ

"ಎಂಎಂಎ ಕಲಿಯಬೇಕು. ಮೊದಲು ಕುಸ್ತಿಗೆ ಸೇರಲಾ, ಜಿಯು ಜಿಟ್ಸುಗೆ ಸೇರಲಾ?" ಓದುಗರಿಂದ ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ಎಂಎಂಎ ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಕಾಳಗದ ಆಟ. ಜಿಯು ಜಿಟ್ಸು ಅಂದರೆ ನೆಲದ ಮೇಲೆ ಹಿಡಿತ ಹಾಕಿ ಸೋಲೊಪ್ಪಿಸುವ ವಿದ್ಯೆ. ಕೇಳುವವರಲ್ಲಿ ಎರಡು ಥರದವರು. ದಾವಣಗೆರೆ, ಧಾರವಾಡ, ಬೆಳಗಾವಿ, ಮೈಸೂರು ಕಡೆಯ ಹುಡುಗರು ಒಂದು ಗುಂಪು. ಮನೆ ಹತ್ತಿರ ಗರಡಿ ಇದೆ, ಫೋನಿನಲ್ಲಿ ಯುಎಫ್‌ಸಿ, ಅಂದರೆ ಅಮೆರಿಕದ ದೊಡ್ಡ ಎಂಎಂಎ ಸಂಸ್ಥೆಯ ಫೈಟ್ ನೋಡುತ್ತಾರೆ. ಇನ್ನೊಂದು ಗುಂಪು ಬೆಂಗಳೂರಲ್ಲಿ ಕೆಲಸಕ್ಕೆ ಹೋಗುವ ಇಪ್ಪತ್ತೈದು, ಮೂವತ್ತು ವಯಸ್ಸಿನವರು. ಆಫೀಸಿನ ದಾರಿಯಲ್ಲೇ ಜಿಮ್ ಇದೆ, ಸಂಜೆ ಒಂದು ಗಂಟೆ ಬಿಡುವಿದೆ. ಇಬ್ಬರಿಗೂ ಒಂದೇ ಉತ್ತರ ಕೊಟ್ಟರೆ ಮೋಸ ಮಾಡಿದ ಹಾಗೆ.

ಚಿಕ್ಕ ಉತ್ತರ ಬೇಕಾದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ವಯಸ್ಸು ಹದಿನೆಂಟರ ಒಳಗಿದ್ದು, ಮ್ಯಾಟ್ ಮೇಲೆ ಕಲಿಸುವ ಒಳ್ಳೆ ಕೋಚ್ ಸಿಕ್ಕರೆ ಕುಸ್ತಿ. ಇಪ್ಪತ್ತೈದು ದಾಟಿದೆ, ಮರುದಿನ ಬೆಳಗ್ಗೆ ಕೆಲಸಕ್ಕೂ ಹೋಗಬೇಕು ಅಂದರೆ ಜಿಯು ಜಿಟ್ಸು. ನಡುವಿನವರು ಯಾವ ಮೇಷ್ಟ್ರು ಚೆನ್ನಾಗಿ ಕಲಿಸುತ್ತಾರೋ ಅವರ ಹತ್ತಿರ ಹೋಗಿ.

ಇಷ್ಟಕ್ಕೇ ನಿಲ್ಲಿಸಬೇಡಿ. ಯಾವುದನ್ನೇ ಕಲಿಯಿರಿ, ಆ ಆಟದ ನಿಯಮ ನಿಮ್ಮ ಮೈಗೆ ಒಂದಷ್ಟು ಅಭ್ಯಾಸ ಅಂಟಿಸುತ್ತದೆ. ಎಂಎಂಎಗೆ ಬಂದಾಗ ಅದರಲ್ಲಿ ಕೆಲವು ನಿಮ್ಮನ್ನು ಗೆಲ್ಲಿಸುತ್ತವೆ, ಕೆಲವು ಸೋಲಿಸುತ್ತವೆ. ಸೋಲಿಸುವ ಅಭ್ಯಾಸಗಳ ಬಗ್ಗೆ ಯಾರೂ ಜಾಸ್ತಿ ಹೇಳುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಅವಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು, ಯಾವುದರ ಕೆಲಸ ಏನು

ಎಂಎಂಎ ಅಂದರೆ ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್. ಗುದ್ದು, ಒದೆ, ಮೊಣಕೈ, ಮಂಡಿ, ಎತ್ತಿ ಹಾಕುವುದು, ನೆಲದ ಪಟ್ಟು ಎಲ್ಲವೂ ನಡೆಯುತ್ತದೆ. ಸಾಮಾನ್ಯವಾಗಿ 5 ನಿಮಿಷದ 3 ಸುತ್ತು. ಚಾಂಪಿಯನ್ ಪಟ್ಟದ ಫೈಟ್ ಆದರೆ 5 ಸುತ್ತು.

ಈ ಫೈಟ್ ನಿಂತು ನಡೆಯಬೇಕೋ, ನೆಲದ ಮೇಲೋ ಎಂದು ತೀರ್ಮಾನಿಸುವ ಶಕ್ತಿ ಕುಸ್ತಿಯಿಂದ ಬರುತ್ತದೆ. ಎದುರಾಳಿಯನ್ನು ನೆಲಕ್ಕೆ ಕೆಡವುವುದಕ್ಕೆ ಟೇಕ್‌ಡೌನ್ ಅನ್ನುತ್ತಾರೆ. ಅವನು ನಿಮ್ಮ ಕಾಲಿಗೆ ನುಗ್ಗಿದಾಗ ಕಾಲು ಹಿಂದಕ್ಕೆ ಎಸೆದು, ಸೊಂಟದ ಭಾರವನ್ನೆಲ್ಲ ಅವನ ಹೆಗಲ ಮೇಲೆ ಹಾಕುವುದು ಸ್ಪ್ರಾಲ್. ಇವೆರಡೂ ಚೆನ್ನಾಗಿ ಬಂದರೆ ಫೈಟ್ ಎಲ್ಲಿ ನಡೆಯಬೇಕು ಅನ್ನುವುದನ್ನು ನೀವೇ ತೀರ್ಮಾನಿಸಬಹುದು.

ನೆಲಕ್ಕೆ ಬಿದ್ದ ಮೇಲಿನ ಕಥೆ ಜಿಯು ಜಿಟ್ಸುವಿನದು. ಜಪಾನಿನ ಜೂಡೋ ಪಟು ಮಿತ್ಸುಯೊ ಮಾಯೆದಾ ಬ್ರೆಜಿಲ್‌ಗೆ ಹೋಗಿ ಕಲಿಸಿದ ವಿದ್ಯೆಯನ್ನು ಗ್ರೇಸಿ ಕುಟುಂಬದವರು ಬೆಳೆಸಿದರು. ಕತ್ತು ಬಿಗಿದೋ, ಕೀಲು ಮುರಿಯುವಷ್ಟು ತಿರುಗಿಸಿಯೋ ಎದುರಾಳಿಯನ್ನು ಸೋಲೊಪ್ಪಿಸುವುದು ಸಬ್ಮಿಷನ್. ಸೋಲೊಪ್ಪಿಕೊಳ್ಳಲು ಕೈಯಿಂದ ತಟ್ಟುವುದು ಟ್ಯಾಪ್. ಎದುರಾಳಿಯ ಎದೆ ಮೇಲೆ ಎರಡೂ ಬದಿಗೆ ಕಾಲು ಹಾಕಿ ಕೂತರೆ ಅದು ಮೌಂಟ್. ಬೆನ್ನ ಮೇಲೆ ಬಿದ್ದವನು ತನ್ನ ಕಾಲುಗಳನ್ನು ಅಡ್ಡ ಇಟ್ಟು ಮೇಲಿನವನನ್ನು ತಡೆಯುವುದು ಗಾರ್ಡ್. ಈ ನಾಲ್ಕೈದು ಮಾತು ನೆನಪಿರಲಿ, ಮುಂದೆ ಬೇಕಾಗುತ್ತವೆ.

"ಯಾವುದು ಮೇಲು" ಅನ್ನುವ ಜಗಳ ಯುಎಫ್‌ಸಿಯಷ್ಟೇ ಹಳೆಯದು. 1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯನ್ನು ರಾಯ್ಸ್ ಗ್ರೇಸಿ ಗೆದ್ದರು. ಆಗ ತೂಕದ ವರ್ಗಗಳೇ ಇರಲಿಲ್ಲ. 1994ರ ಡಿಸೆಂಬರ್‌ನಲ್ಲಿ ಡ್ಯಾನ್ ಸೆವರ್ನ್ ಅನ್ನುವ ಭಾರಿ ಮೈಕಟ್ಟಿನ ಕುಸ್ತಿಪಟು ಅದೇ ರಾಯ್ಸ್ ಮೇಲೆ ಹದಿನೈದು ನಿಮಿಷದಷ್ಟು ಹೊತ್ತು ಕೂತಿದ್ದರು. ಕೊನೆಗೆ ಕೆಳಗಿದ್ದ ರಾಯ್ಸ್ ಕಾಲುಗಳಿಂದಲೇ ಕತ್ತು ಬಿಗಿದು ಗೆದ್ದರು. ಜನ ಎಲ್ಲ ಜಿಯು ಜಿಟ್ಸು ಕಡೆ ಓಡಿದರು. 1996ರಲ್ಲಿ ಯುಎಫ್‌ಸಿಗೆ ಮಾರ್ಕ್ ಕೋಲ್ಮನ್ ಕಾಲಿಟ್ಟರು, ಅದಕ್ಕೂ ಮೊದಲೇ ಒಲಿಂಪಿಕ್ಸ್‌ನಲ್ಲಿ ಕುಸ್ತಿ ಆಡಿದ್ದವರು. ಕೆಡವಿ, ಮೇಲೆ ಕೂತು, ಗುದ್ದಿದರು. ಜನ ಕುಸ್ತಿ ಕಡೆ ತಿರುಗಿದರು. 1997ರ ಜುಲೈನಲ್ಲಿ ಮೊರಿಸ್ ಸ್ಮಿತ್ ಅನ್ನುವ ಕಿಕ್‌ಬಾಕ್ಸರ್ ಅದೇ ಕೋಲ್ಮನ್‌ರನ್ನು ದಮ್ಮು ಕಟ್ಟುವ ತನಕ ತಡೆದುಕೊಂಡು ಸೋಲಿಸಿದರು.

ಈಗಿನ ಕಥೆಯೇ ಬೇರೆ. 2022ರ ಅಕ್ಟೋಬರ್‌ನಲ್ಲಿ ರಷ್ಯಾದ ದಾಗೆಸ್ತಾನದ ಇಸ್ಲಾಂ ಮಖಚೇವ್ ಎದುರು ಬಂದವರು ಬ್ರೆಜಿಲ್‌ನ ಚಾರ್ಲ್ಸ್ ಒಲಿವೇರಾ. ಯುಎಫ್‌ಸಿಯಲ್ಲಿ ಎಲ್ಲರಿಗಿಂತ ಜಾಸ್ತಿ ಸಬ್ಮಿಷನ್ ಗೆಲುವು ಪಡೆದವರು ಒಲಿವೇರಾ. ಅವರನ್ನೇ ಮಖಚೇವ್ ಸಬ್ಮಿಷನ್‌ನಿಂದ ಸೋಲಿಸಿದರು. ಮೇಲಿನ ಮಟ್ಟದಲ್ಲಿ ಬರೀ ಒಂದು ವಿದ್ಯೆ ನಂಬಿಕೊಂಡವರು ಉಳಿದಿಲ್ಲ. ನಿಮಗೆ ಬೇಕಿರುವುದು ಎಲ್ಲಿಂದ ಶುರು ಮಾಡಬೇಕು ಅನ್ನುವ ತೀರ್ಮಾನ ಮಾತ್ರ.

ಹಂತ 1: ವಯಸ್ಸು, ಊರು, ಮೈ ನೋಡಿ ಆರಿಸಿಕೊಳ್ಳಿ

ಕುಸ್ತಿ ಎಳೆ ಮೈಯ ವಿದ್ಯೆ. ಬಿದ್ದು ಏಳುವುದು, ಎತ್ತುವುದು, ಕತ್ತಿನ ಮೇಲೆ ಭಾರ ತಾಳುವುದು ಹನ್ನೆರಡು ಹದಿಮೂರರಲ್ಲಿ ಸಲೀಸಾಗಿ ಬರುತ್ತದೆ. ಮೂವತ್ತರಲ್ಲಿ ಶುರು ಮಾಡಿದವರೂ ಕಲಿಯುತ್ತಾರೆ, ಆದರೆ ಮಂಡಿ, ಭುಜ, ಬೆನ್ನು ಬೇಗ ದೂರು ಹೇಳುತ್ತವೆ. ಗರಡಿಯಲ್ಲಿ ನಿಮ್ಮ ಜೋಡಿಗೆ ಸಿಗುವವರು ಹದಿನೆಂಟರ ಹುಡುಗರು ಅನ್ನುವುದೂ ನೆನಪಿರಲಿ. ಅವರಿಗೆ ನಾಳೆ ಬೆಳಗ್ಗೆ ಮೀಟಿಂಗ್ ಇರುವುದಿಲ್ಲ.

ಜಿಯು ಜಿಟ್ಸುವಿನಲ್ಲಿ ದೊಡ್ಡವರಿಗೆ ಮೊದಲಿನಿಂದಲೂ ಜಾಗ ಇದೆ. ಅಂತಾರಾಷ್ಟ್ರೀಯ ಟೂರ್ನಿಗಳಲ್ಲಿ ಮೂವತ್ತು ತುಂಬಿದವರಿಗೆ ಮಾಸ್ಟರ್ಸ್ ಅನ್ನುವ ಬೇರೆ ವರ್ಗವೇ ಇದೆ. ಟ್ಯಾಪ್ ಮಾಡಿದರೆ ಆಟ ಅಲ್ಲಿಗೆ ನಿಲ್ಲುವುದರಿಂದ ಪ್ರತಿ ದಿನ ಒಂದಷ್ಟು ಗಟ್ಟಿಯಾಗಿ ಆಡಬಹುದು. ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಅಂತ ಐದು ಬೆಲ್ಟ್. ಕಪ್ಪಿಗೆ ಸುಮಾರು ಹತ್ತು ವರ್ಷ ಬೇಕು. ಅದನ್ನು ನೋಡಿ ಹೆದರಬೇಡಿ. ಎಂಎಂಎಗೆ ಬೇಕಾದ ಬುನಾದಿ ನೀಲಿ ಬೆಲ್ಟಿನ ಹೊತ್ತಿಗೇ ಬಂದಿರುತ್ತದೆ.

ಇನ್ನು ಊರಿನ ಮಾತು. ಬೆಂಗಳೂರಿನಂಥ ದೊಡ್ಡ ಊರು ಬಿಟ್ಟರೆ ಜಿಯು ಜಿಟ್ಸು ಸರಿಯಾಗಿ ಕಲಿಸುವವರು ಸಿಗುವುದು ಕಷ್ಟ. ಸಿಕ್ಕ ಕಡೆ ಫೀಸು ತಿಂಗಳಿಗೆ ಸಾವಿರಗಳ ಲೆಕ್ಕ. ಕುಸ್ತಿ ಹಾಗಲ್ಲ, ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಗರಡಿ ಇದೆ, ಖರ್ಚೂ ಕಡಿಮೆ. ಹತ್ತಿರ ಇರುವುದನ್ನು ಬಿಟ್ಟು, ವಾರಕ್ಕೊಂದು ದಿನ ಬಸ್ ಹತ್ತಿ ದೂರದ ಜಿಮ್‌ಗೆ ಹೋಗುತ್ತೇನೆ ಅನ್ನುವುದು ಕೆಲಸಕ್ಕೆ ಬರುವ ಪ್ಲಾನ್ ಅಲ್ಲ. ವಾರಕ್ಕೆ ಮೂರು ದಿನ ಹೋಗಲಾಗುವ ಜಾಗವೇ ನಿಮ್ಮ ಜಾಗ.

ಮಣ್ಣಿನ ಕುಸ್ತಿ ಸಾಕಾಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಮಟ್ಟಿಯಲ್ಲಿ ಬೆಳೆದವರ ಕೈಹಿಡಿತ, ಕತ್ತು, ಸೊಂಟದ ಬಲಕ್ಕೆ ಸಾಟಿ ಇಲ್ಲ. ದಂಡ, ಬಸ್ಕಿ ಕೊಡುವ ದಮ್ಮನ್ನು ಯಾವ ಮಷಿನ್ನೂ ಕೊಡುವುದಿಲ್ಲ. ಆದರೆ ಎಂಎಂಎಗೆ ಅಂತ ನೋಡಿದರೆ ನನ್ನ ಮತ ಮ್ಯಾಟ್ ಕಡೆಗೆ. ಒಲಿಂಪಿಕ್ಸ್ ಥರದ ಫ್ರೀಸ್ಟೈಲ್ ಕುಸ್ತಿಯಲ್ಲಿ 3 ನಿಮಿಷದ ಎರಡು ಸುತ್ತು, ಕೆಡವಿದ್ದಕ್ಕೆಲ್ಲ ಅಂಕ. ಹಾಗಾಗಿ ದೂರದಿಂದ ಕಾಲಿಗೆ ನುಗ್ಗುವ ವೇಗ ಬರುತ್ತದೆ. ಮಣ್ಣಿನಲ್ಲಿ ಲಂಗೋಟಿ, ಚಡ್ಡಿ ಹಿಡಿದು ಎತ್ತುವ ಪಟ್ಟುಗಳು ಜಾಸ್ತಿ. ಎಂಎಂಎಯಲ್ಲಿ ಬಟ್ಟೆ ಹಿಡಿಯುವ ಹಾಗಿಲ್ಲ. ಗರಡಿಯಲ್ಲಿ ಎರಡೂ ಇದ್ದರೆ ವಾರದಲ್ಲಿ ಹೆಚ್ಚು ದಿನ ಮ್ಯಾಟ್ ಮೇಲೆ ಮಾಡಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಕೆಲವು ಹಳೆ ಗರಡಿಗಳು ಈಗಲೂ ಹುಡುಗಿಯರನ್ನು ಸೇರಿಸಿಕೊಳ್ಳುವುದಿಲ್ಲ. ಮ್ಯಾಟ್ ಇರುವ ಕುಸ್ತಿ ಕೇಂದ್ರಗಳಲ್ಲಿ ವಿಚಾರಿಸಿ. ಜಿಯು ಜಿಟ್ಸು ಜಿಮ್ ಆದರೆ ನಿಮ್ಮ ತೂಕದ ಆಸುಪಾಸಿನ ಇನ್ನಿಬ್ಬರಾದರೂ ಇದ್ದಾರಾ ಅಂತ ನೋಡಿಕೊಂಡು ದುಡ್ಡು ಕಟ್ಟಿ.

ಹಂತ 2: ಸೇರುವ ಮೊದಲು ಒಂದು ದಿನ ಕೂತು ನೋಡಿ

ಮೇಷ್ಟ್ರ ಮೆಡಲ್, ಗೋಡೆ ಮೇಲಿನ ಫೋಟೊ ಆಮೇಲೆ ನೋಡಿ. ಮೊದಲು ಕ್ಲಾಸ್ ನೋಡಿ.

ಕುಸ್ತಿಯಾದರೆ, ಹೊಸಬನನ್ನು ಯಾರ ಜೋಡಿ ಬಿಡುತ್ತಾರೆ ಗಮನಿಸಿ. ಮೊದಲ ದಿನವೇ ದೊಡ್ಡ ಪೈಲ್ವಾನರ ಕೈಗೆ ಕೊಟ್ಟು ನಗುತ್ತಾ ನಿಲ್ಲುವ ಜಾಗ ಬೇಡ. ಒಳ್ಳೆ ಉಸ್ತಾದ್ ಮೊದಲ ಕೆಲವು ವಾರ ಬೀಳುವುದನ್ನೇ ಕಲಿಸುತ್ತಾರೆ. ಗರಡಿಗೆ ಅದರದೇ ಮರ್ಯಾದೆ ಇದೆ. ಚಪ್ಪಲಿ ಹೊರಗೆ, ಮಟ್ಟಿ ಮುಟ್ಟಿ ನಮಸ್ಕಾರ ಮಾಡಿ ಒಳಗೆ. "ನಾನು ಎಂಎಂಎಗೆ ಅಂತ ಬಂದಿದ್ದೀನಿ" ಅಂತ ಮೊದಲ ದಿನವೇ ಘೋಷಿಸುವ ಅಗತ್ಯ ಇಲ್ಲ. ಆರು ತಿಂಗಳು ಶ್ರದ್ಧೆಯಿಂದ ಮೈ ಮುರಿದು ಮಾಡಿ, ಆಮೇಲೆ ಉಸ್ತಾದರಿಗೆ ನೀವೇ ಹೇಳಿ. ಬೇರೆಯವರ ಬಾಯಿಂದ ಗೊತ್ತಾದರೆ ಬೇಜಾರಾಗುತ್ತಾರೆ.

ಜಿಯು ಜಿಟ್ಸುವಾದರೆ ಮೂರು ಪ್ರಶ್ನೆ ಕೇಳಿ. ನಿಮ್ಮ ಮೇಷ್ಟ್ರಿಗೆ ಬೆಲ್ಟ್ ಕೊಟ್ಟವರು ಯಾರು? ನೋ-ಗಿ ಕ್ಲಾಸ್ ವಾರಕ್ಕೆ ಎಷ್ಟು? ಸ್ಪಾರಿಂಗ್, ಅಂದರೆ ಅಭ್ಯಾಸದ ಕಾಳಗ, ನಿಂತು ಶುರುವಾಗುತ್ತದಾ, ಮಂಡಿಯೂರಿ ಶುರುವಾಗುತ್ತದಾ? ಗಿ ಅಂದರೆ ದಪ್ಪ ಬಟ್ಟೆಯ ಅಂಗಿ ಮತ್ತು ಪ್ಯಾಂಟ್, ಕಾಲರ್ ಹಿಡಿದು ಆಡುವುದು. ನೋ-ಗಿ ಅಂದರೆ ಅದಿಲ್ಲದೆ, ಬರೀ ಟೀ ಶರ್ಟಿನಂಥ ಬಿಗಿ ಬಟ್ಟೆಯಲ್ಲಿ. ನಿಮಗೆ ಬೇಕಿರುವುದು ಹೆಚ್ಚಾಗಿ ನೋ-ಗಿ. ಮೊದಲ ಪ್ರಶ್ನೆಗೆ ತಡವರಿಸಿದರೆ ಎದ್ದು ಬನ್ನಿ.

ಹಂತ 3: ಬೇಕಾದ ಸಾಮಾನು

ಹೆಚ್ಚೇನಿಲ್ಲ. ಜೇಬಿಲ್ಲದ ಶಾರ್ಟ್ಸ್, ರ‍್ಯಾಶ್ ಗಾರ್ಡ್ ಅನ್ನುವ ಮೈಗಂಟುವ ಟೀ ಶರ್ಟ್, ಮೌತ್‌ಗಾರ್ಡ್, ಕ್ರಿಕೆಟ್ ಆಡುವವರ ಸೆಂಟರ್ ಪ್ಯಾಡ್‌ನಂಥದ್ದು ಒಂದು, ಮಂಡಿಗೆ ಪ್ಯಾಡ್. ಮ್ಯಾಟ್ ಕುಸ್ತಿಗೆ ತೆಳು ತಳದ ಕುಸ್ತಿ ಶೂ. ಗ್ಲೌಸ್‌ಗೆ ಈಗಲೇ ದುಡ್ಡು ಹಾಕಬೇಡಿ.

ಉಗುರು ಕತ್ತರಿಸಿರಬೇಕು. ಅಭ್ಯಾಸ ಮುಗಿದ ತಕ್ಷಣ ಸೋಪು ಹಾಕಿ ಸ್ನಾನ. ಹುಳುಕಡ್ಡಿ ಒಬ್ಬರಿಗೆ ಬಂದರೆ ವಾರದಲ್ಲಿ ಇಡೀ ಬ್ಯಾಚಿಗೆ ಹಬ್ಬುತ್ತದೆ. ಚರ್ಮದ ಮೇಲೆ ಕೆಂಪು ಉಂಗುರ, ಕೀವಿನ ಗುಳ್ಳೆ ಕಂಡರೆ ವಾಸಿಯಾಗುವ ತನಕ ಮ್ಯಾಟ್ ಹತ್ತಬೇಡಿ. ಕಿವಿ ಉಜ್ಜಿ ರಕ್ತ ತುಂಬಿ ಊದಿಕೊಂಡರೆ ಬೇಗ ಡಾಕ್ಟರ್ ಹತ್ತಿರ ಆ ರಕ್ತ ತೆಗೆಸಿ. ಬಿಟ್ಟರೆ ಅದು ಗಟ್ಟಿಯಾಗಿ, ಕಿವಿ ಮುದುಡಿ ಹಾಗೇ ಉಳಿದುಬಿಡುತ್ತದೆ. ಅದನ್ನು ಪೈಲ್ವಾನರ ಗುರುತು ಅಂತ ಹೆಮ್ಮೆ ಪಡುವವರಿದ್ದಾರೆ. ಅದು ನಿಮ್ಮ ಇಷ್ಟ.

ಹಂತ 4: ಮೊದಲ ಆರು ತಿಂಗಳು ಒಂದನ್ನೇ ಹಿಡಿಯಿರಿ

ಸೋಮವಾರ ಕುಸ್ತಿ, ಮಂಗಳವಾರ ಜಿಯು ಜಿಟ್ಸು, ಬುಧವಾರ ಬಾಕ್ಸಿಂಗ್ ಅಂತ ಶುರು ಮಾಡುವವರು ಮೂರರಲ್ಲೂ ಹೊಸಬರಾಗಿಯೇ ಉಳಿಯುತ್ತಾರೆ. ಆರು ತಿಂಗಳು ಒಂದೇ ಸಾಕು.

ಕುಸ್ತಿ ಹಿಡಿದವರು ಗುರಿ ಇಟ್ಟುಕೊಳ್ಳಬೇಕಾದ ಪಟ್ಟುಗಳು ನಾಲ್ಕೇ. ಸಿಂಗಲ್ ಲೆಗ್, ಅಂದರೆ ಒಂದು ಕಾಲು ಹಿಡಿದು ಕೆಡವುವುದು. ಡಬಲ್ ಲೆಗ್, ಎರಡೂ ಕಾಲು. ಸ್ಪ್ರಾಲ್. ಮತ್ತೆ ಅಂಡರ್‌ಹುಕ್, ಎದುರಾಳಿಯ ಕಂಕುಳ ಕೆಳಗಿಂದ ಕೈ ಹಾಕಿ ಅವನ ಭುಜ ಎತ್ತಿ ಹಿಡಿಯುವುದು. ಎದುರಾಳಿಯನ್ನು ಬೆನ್ನ ಮೇಲಿಂದ ಎತ್ತಿ ಒಗೆಯುವ ಧೋಬಿ ಪಛಾಡ್ ನೋಡೋಕೆ ಚಂದ, ಜನ ಚಪ್ಪಾಳೆ ಹೊಡೆಯುತ್ತಾರೆ. ಆದರೆ ಅದಕ್ಕೆ ಎದುರಾಳಿಗೆ ಬೆನ್ನು ಕೊಟ್ಟು ತಿರುಗಬೇಕು. ಎಂಎಂಎಯಲ್ಲಿ ತಪ್ಪಿದರೆ ಅವನು ನಿಮ್ಮ ಬೆನ್ನೇರುತ್ತಾನೆ. ಸದ್ಯಕ್ಕೆ ಪಕ್ಕಕ್ಕಿಡಿ.

ಜಿಯು ಜಿಟ್ಸು ಹಿಡಿದವರು ಮೊದಲು ತಪ್ಪಿಸಿಕೊಳ್ಳುವುದನ್ನು ಕಲಿಯಿರಿ. ಮೌಂಟ್‌ನಿಂದ, ಪಕ್ಕದ ಹಿಡಿತದಿಂದ, ಬೆನ್ನೇರಿದವನಿಂದ. ಆಮೇಲೆ ಗಾರ್ಡ್ ದಾಟುವುದು. ಸಬ್ಮಿಷನ್ ಎರಡು ಸಾಕು: ಬೆನ್ನ ಹಿಂದಿನಿಂದ ಕತ್ತು ಬಿಗಿಯುವ ರಿಯರ್ ನೇಕೆಡ್ ಚೋಕ್, ಮುಂದಿನಿಂದ ಬಿಗಿಯುವ ಗಿಲೊಟಿನ್. ದಿನಕ್ಕೊಂದು ಹೊಸ ಪಟ್ಟು ವಿಡಿಯೊದಲ್ಲಿ ನೋಡಿ ಬಂದು ಜೊತೆಯವರ ಮೇಲೆ ಪ್ರಯೋಗ ಮಾಡಬೇಡಿ.

ಇಲ್ಲಿ ಎರಡು ಎಚ್ಚರಿಕೆ. ಕತ್ತಿನ ಎರಡೂ ಬದಿಯ ರಕ್ತನಾಳ ಸರಿಯಾಗಿ ಒತ್ತಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ. ಕಣ್ಣು ಕತ್ತಲಾಗುವ ತನಕ ಕಾಯದೆ ಟ್ಯಾಪ್ ಮಾಡಿ. ಎರಡನೆಯದು ಹೀಲ್ ಹುಕ್, ಹಿಮ್ಮಡಿ ತಿರುಗಿಸಿ ಮಂಡಿಯ ಮೇಲೆ ಒತ್ತಡ ತರುವ ಪಟ್ಟು. ಇದರಲ್ಲಿ ನೋವು ಗೊತ್ತಾಗುವ ಹೊತ್ತಿಗೆ ಮಂಡಿಯೊಳಗೆ ಹರಿಯಬೇಕಾದ್ದು ಹರಿದಿರುತ್ತದೆ. ಹೊಸಬರಿಗೆ ಇದನ್ನು ಹಾಕಲು ಬಿಡುವ ಜಿಮ್ ಇದ್ದರೆ ಎಚ್ಚರದಿಂದಿರಿ.

ಹಂತ 5: ಅಂಟಿಕೊಂಡ ಅಭ್ಯಾಸ ಬಿಡಿಸಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಆರು ತಿಂಗಳಿಂದ ಒಂದು ವರ್ಷದೊಳಗೆ ಎರಡನೇ ವಿದ್ಯೆ ಶುರು ಮಾಡಿ. ಶುರು ಮಾಡುವಾಗ ಹೊಸ ಪಟ್ಟಿಗಿಂತ ಹಳೆ ಅಭ್ಯಾಸದ ಮೇಲೆ ಕಣ್ಣಿಡಿ.

ಕುಸ್ತಿಯಿಂದ ಬಂದವರಿಗೆ ಮೊದಲು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಹಾಗಾಗಿ ಬೀಳುವಾಗಲೇ ಪೈಲ್ವಾನ್ ಹೊರಳಿ ಹೊಟ್ಟೆ ಮೇಲೆ ಮಲಗುತ್ತಾನೆ. ಮೊಣಕೈ ಪಕ್ಕೆಗೆ ಒತ್ತಿ, ಕಾಲು ಅಗಲ ಚಾಚಿ, ಸೊಂಟ ಭಾರ ಮಾಡಿ ನೆಲಕ್ಕಂಟಿಕೊಳ್ಳುತ್ತಾನೆ. ಮೇಲಿನವನು ಎಷ್ಟು ಎಳೆದರೂ ತಿರುಗುವುದಿಲ್ಲ. ಗರಡಿಯಲ್ಲಿ ಇದಕ್ಕೆ ಶಭಾಷ್ ಸಿಗುತ್ತದೆ. ಎಂಎಂಎಯಲ್ಲಿ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಮೇಲಿನವನು ಬೆನ್ನ ಮೇಲೆ ಕೂತು ಕಿವಿ ಹಿಂದೆ ಗುದ್ದುತ್ತಾನೆ. ನೀವು ತಲೆ ಎತ್ತಿದ ಕೂಡಲೇ ಅವನ ಕೈ ಗದ್ದದ ಕೆಳಗೆ ಜಾರುತ್ತದೆ. ಎರಡೂ ಹಿಮ್ಮಡಿ ನಿಮ್ಮ ತೊಡೆಯ ಒಳಗೆ ಸಿಕ್ಕಿಸಿಕೊಳ್ಳುತ್ತಾನೆ. ಅಲ್ಲಿಂದ ಉಳಿಯುವುದು ಟ್ಯಾಪ್ ಮಾತ್ರ.

ಇದರಿಂದ ತಪ್ಪಿಸಿಕೊಳ್ಳುವ ದಾರಿ ಪೈಲ್ವಾನರಿಗೆ ಇನ್ನೂ ಕಸಿವಿಸಿ ಮಾಡುತ್ತದೆ. ಮೊದಲು ಕತ್ತಿಗೆ ಬಂದ ಕೈಯನ್ನು ನಿಮ್ಮ ಎರಡೂ ಕೈಯಿಂದ ಹಿಡಿಯಬೇಕು. ಗದ್ದ ಎದೆಗೆ ಒತ್ತಬೇಕು. ಆಮೇಲೆ ಕೆಳಕ್ಕೆ ಜಾರುತ್ತಾ, ನಿಮ್ಮ ಭುಜದ ಮೂಳೆಗಳನ್ನು ನೀವೇ ನೆಲಕ್ಕೆ ತಾಗಿಸಬೇಕು. ಬೆನ್ನು ನೆಲ ಮುಟ್ಟಿತು ಅಂದರೆ ಅವನು ನಿಮ್ಮ ಬೆನ್ನ ಹಿಂದೆ ಇರಲು ಆಗುವುದಿಲ್ಲ ಅಲ್ವಾ? ಚಿಕ್ಕಂದಿನಿಂದ ಯಾವುದನ್ನು ಸೋಲು ಅಂತ ಕಲಿತಿರೋ ಅದನ್ನೇ ಬೇಕೆಂದು ಮಾಡಬೇಕು. ತಲೆಗೆ ಅರ್ಥವಾದರೆ ಸಾಲದು, ಮೈ ಒಪ್ಪಬೇಕು. ಜೊತೆಗಾರರನ್ನು ಬೆನ್ನೇರಿಸಿಕೊಂಡು ಪ್ರತಿ ಕ್ಲಾಸಿನ ಕೊನೆಗೆ ಐದು ನಿಮಿಷ ಇದೊಂದನ್ನೇ ಮಾಡಿ. ತಿಂಗಳುಗಟ್ಟಲೆ ಮಾಡಿ.

ಎರಡನೇ ಅಭ್ಯಾಸ ತಲೆಯದು. ಕಾಲಿಗೆ ನುಗ್ಗುವಾಗ ತಲೆ ಎದುರಾಳಿಯ ಸೊಂಟದ ಹೊರಗೆ, ಕೆಳಗೆ ಜೋತು ಬಿದ್ದರೂ ಕುಸ್ತಿಯಲ್ಲಿ ಅಂಥ ನಷ್ಟ ಇಲ್ಲ. ಎಂಎಂಎಯಲ್ಲಿ ಆ ಜೋತುಬಿದ್ದ ಕತ್ತೇ ಗಿಲೊಟಿನ್‌ಗೆ ಆಹ್ವಾನ. ಡಬಲ್ ಲೆಗ್ ಹೊಡೆಯುವಾಗ ಕಿವಿ ಅವನ ಪಕ್ಕೆಲುಬಿಗೆ ಒತ್ತಿರಲಿ, ನೋಟ ಮೇಲಿರಲಿ, ತಲೆಯಿಂದಲೇ ಪಕ್ಕಕ್ಕೆ ತಳ್ಳಿ. ಸಿಂಗಲ್ ಲೆಗ್‌ನಲ್ಲಿ ತಲೆ ಒಳಗಡೆ, ಅವನ ಎದೆಗೆ. ಸಿಕ್ಕಿಹಾಕಿಕೊಂಡೇಬಿಟ್ಟರೆ ಬಿಗಿದ ಮಣಿಕಟ್ಟು ಹಿಡಿದು, ತಲೆ ಸಿಕ್ಕಿರುವ ಬದಿಯ ವಿರುದ್ಧ ಬದಿಗೆ ದಾಟಿ. ಗಾಬರಿಯಲ್ಲಿ ನೇರ ಹಿಂದಕ್ಕೆ ಎಳೆದರೆ ಬಿಗಿ ಜಾಸ್ತಿಯಾಗುತ್ತದೆ.

ಮೂರನೆಯದು, ಮೇಲೆ ಕೂತ ಮೇಲೆ ಮೈಮರೆಯುವುದು. ಕೆಡವಿದ್ದೇ ಗೆಲುವು ಅಂತ ಮೈ ನಂಬಿರುತ್ತದೆ. 2010ರ ಆಗಸ್ಟ್‌ನಲ್ಲಿ ಕುಸ್ತಿ ಹಿನ್ನೆಲೆಯ ಚೇಲ್ ಸೊನನ್ ಚಾಂಪಿಯನ್ ಆ್ಯಂಡರ್ಸನ್ ಸಿಲ್ವಾರನ್ನು ನಾಲ್ಕು ಸುತ್ತು ಪೂರ್ತಿ ಕೆಡವಿ ಗುದ್ದಿದರು. ಐದನೇ ಸುತ್ತಿನಲ್ಲಿ ಕೆಳಗಿದ್ದ ಸಿಲ್ವಾ ಕಾಲುಗಳಲ್ಲಿ ಕತ್ತು, ತೋಳು ಸಿಕ್ಕಿಸಿಕೊಂಡು ಟ್ಯಾಪ್ ಮಾಡಿಸಿದರು. ನಮ್ಮ ದೇಶದ ಉದಾಹರಣೆ ಬೇಕಾದರೆ ರಿತು ಫೋಗಟ್ ಅವರ ಫೈಟ್ ನೋಡಿ. ಕಾಮನ್‌ವೆಲ್ತ್ ಕುಸ್ತಿ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದವರು. 2019ರಲ್ಲಿ ಎಂಎಂಎಗೆ ಬಂದು, ಕೆಡವಿ ಗುದ್ದುವ ದಾರಿಯಲ್ಲೇ ಗೆಲ್ಲುತ್ತಾ 2021ರ ಡಿಸೆಂಬರ್‌ನಲ್ಲಿ ಒನ್ ಚಾಂಪಿಯನ್‌ಷಿಪ್ ಅನ್ನುವ ಏಷ್ಯಾದ ಎಂಎಂಎ ಸಂಸ್ಥೆಯ ಗ್ರ್ಯಾಂಡ್ ಪ್ರಿ ಟೂರ್ನಿಯ ಫೈನಲ್ ತಲುಪಿದರು. ಅಲ್ಲಿ ಥಾಯ್ಲೆಂಡ್‌ನ ಸ್ಟ್ಯಾಂಪ್ ಫೇರ್‌ಟೆಕ್ಸ್ ಎರಡನೇ ಸುತ್ತಿನಲ್ಲಿ ಆರ್ಮ್‌ಬಾರ್ ಹಾಕಿದರು. ತೋಳನ್ನು ಕಾಲುಗಳ ನಡುವೆ ಹಿಡಿದು ಮೊಣಕೈ ಹಿಂದಕ್ಕೆ ಬಗ್ಗಿಸುವ ಪಟ್ಟು ಅದು. ಸ್ಟ್ಯಾಂಪ್ ಹೆಸರು ಮಾಡಿದ್ದು ಮುಯ್ ಥಾಯ್‌ನಲ್ಲಿ, ಅಂದರೆ ಗುದ್ದು ಒದೆಯ ಆಟದಲ್ಲಿ. ಅಂಥವರೂ ನೆಲದ ಪಾಠ ಕಲಿತು ಬರುವ ಕಾಲ ಇದು.

ಜಿಯು ಜಿಟ್ಸುವಿನಿಂದ ಬಂದವರಿಗೆ ಈಗ. ನಿಮ್ಮ ದೊಡ್ಡ ತೊಂದರೆ, ಬೆನ್ನ ಮೇಲೆ ಮಲಗಿದರೂ ನಿಮಗೆ ಹಾಯಾಗಿರುತ್ತದೆ. ಗಾರ್ಡ್‌ನಲ್ಲಿ ಕೂತು, ಹಿಡಿತ ಹುಡುಕಿ, ಕಾದು ಆಡುವುದು ಅಭ್ಯಾಸ. ಮೇಲಿನವನಿಗೆ ಗುದ್ದಲು ಅನುಮತಿ ಇದ್ದಾಗ ಆ ಕಾಯುವಿಕೆಗೆ ಬೆಲೆ ತೆರಬೇಕು. ತೀರ್ಪುಗಾರರೂ ಮೊದಲು ಪೆಟ್ಟು ನೋಡುತ್ತಾರೆ. ಕೆಳಗೆ ಕಾಯುತ್ತಾ ಕೂತವನಿಗೆ ಅಂಕ ಬರುವುದಿಲ್ಲ. ಒಂದು ಸಣ್ಣ ಪರೀಕ್ಷೆ ಮಾಡಿ. ದೊಡ್ಡ ಗ್ಲೌಸ್ ಹಾಕಿಸಿ, ಮೇಲಿನವರಿಗೆ ಮೆತ್ತಗೆ ಮುಖ ತಟ್ಟಲು ಹೇಳಿ, ನೀವು ಗಾರ್ಡ್ ಆಡಿ. ನಿಮ್ಮ ಪಟ್ಟುಗಳಲ್ಲಿ ಅರ್ಧ ಮಾಯವಾಗುತ್ತವೆ.

ಹಾಗಾಗಿ ನಿಮ್ಮ ಮೊದಲ ಕೆಲಸ ಎದ್ದು ನಿಲ್ಲುವುದು. ಒಂದು ಕೈ ಹಿಂದೆ ಊರಿ. ಅದರ ಎದುರು ಬದಿಯ ಪಾದ ನೆಲಕ್ಕೆ ಒತ್ತಿ. ಇನ್ನೊಂದು ಕೈ ಮುಖಕ್ಕೆ ಅಡ್ಡ. ಸೊಂಟ ಎತ್ತಿ, ಉಳಿದ ಕಾಲನ್ನು ಕೆಳಗಿನಿಂದ ಹಿಂದಕ್ಕೆ ಎಳೆದುಕೊಂಡು ಏಳಿ. ಏಳುವಾಗ ಕಣ್ಣು ಅವನ ಮೇಲೇ ಇರಲಿ. ಮಂಡಿಯೂರಿ, ಅವನಿಗೆ ಬೆನ್ನು ಹಾಕಿ ಏಳುವವರೇ ಜಾಸ್ತಿ. ಅದು ತಪ್ಪು.

ಎರಡನೇ ಕೆಲಸ ಕೆಡವುವುದನ್ನು ಕಲಿಯುವುದು. ಬ್ರೆಜಿಲ್‌ನ ಡೆಮಿಯನ್ ಮಾಯಾ ಅವರಿಗಿಂತ ಒಳ್ಳೆ ಜಿಯು ಜಿಟ್ಸು ಎಂಎಂಎಯಲ್ಲಿ ಕಾಣುವುದು ಕಷ್ಟ. 2017ರ ಜುಲೈನಲ್ಲಿ ಅವರು ಟೈರನ್ ವುಡ್ಲಿ ಎದುರು ಚಾಂಪಿಯನ್ ಪಟ್ಟಕ್ಕೆ ಆಡಿದರು. ವುಡ್ಲಿ ಕಾಲೇಜು ಕುಸ್ತಿಯವರು. ಮಾಯಾ 20ಕ್ಕೂ ಹೆಚ್ಚು ಸಲ ಕೆಡವಲು ನೋಡಿದರು, ಒಂದೂ ಆಗಲಿಲ್ಲ. ಐದು ಸುತ್ತೂ ನಿಂತೇ ನಡೆದವು, ಮಾಯಾ ಸೋತರು. ಅಷ್ಟು ದೊಡ್ಡ ವಿದ್ಯೆ ಬಳಸುವ ಅವಕಾಶವೇ ಬರಲಿಲ್ಲ. ನಿಮ್ಮ ಜಿಮ್‌ನಲ್ಲಿ ಸ್ಪಾರಿಂಗ್ ಮಂಡಿಯೂರಿ ಶುರುವಾದರೆ, ಜಾಗ ಇರುವ ದಿನ ಮೇಷ್ಟ್ರನ್ನು ಕೇಳಿ ನಿಂತು ಶುರು ಮಾಡಿ. ಅದೂ ಆಗದಿದ್ದರೆ ವಾರಕ್ಕೆರಡು ದಿನ ಕುಸ್ತಿ ಕೋಚ್ ಹತ್ತಿರ ಹೋಗಿ.

ಹಂತ 6: ಗುದ್ದು ಸೇರಿಸಿ, ಬೇಲಿ ಪರಿಚಯ ಮಾಡಿಕೊಳ್ಳಿ

ಒಂದು ವರ್ಷದ ಹೊತ್ತಿಗೆ ಬಾಕ್ಸಿಂಗ್ ಅಥವಾ ಮುಯ್ ಥಾಯ್ ಶುರು ಮಾಡಿ. ಕುಸ್ತಿಯವರಲ್ಲಿ ಬಲಗೈ ಬಳಸುವ ಎಷ್ಟೋ ಜನ ಬಲಗಾಲು ಮುಂದಿಟ್ಟು ನಿಲ್ಲುತ್ತಾರೆ. ಬಾಕ್ಸಿಂಗ್‌ನಲ್ಲಿ ಬಲಗೈಯವರ ಎಡಗಾಲು ಮುಂದೆ. ಕಾಲು ಬದಲಿಸಬೇಕಾ ಅನ್ನುವುದನ್ನು ಮೊದಲ ವಾರವೇ ಕೋಚ್ ಜೊತೆ ಕೂತು ತೀರ್ಮಾನಿಸಿ. ಬದಲಿಸದೇ ಎಡಗೈಯವರ ಹಾಗೆ ಆಡುವುದೂ ಒಂದು ದಾರಿ, ಆಗ ನಿಮ್ಮ ಟೇಕ್‌ಡೌನ್ ಕೆಡುವುದಿಲ್ಲ. ಇವತ್ತು ಹೀಗೆ, ನಾಳೆ ಹಾಗೆ ಅಂತ ಮಾಡಬೇಡಿ.

ಕುಸ್ತಿಯ ತಗ್ಗಿದ ನಿಲುವಿನಲ್ಲಿ ತಲೆ ಮುಂದಿರುತ್ತದೆ, ಎದುರಾಳಿಯ ಮಂಡಿಗೆ ಅದು ಸರಿಯಾದ ಎತ್ತರ. ಸ್ವಲ್ಪ ನೆಟ್ಟಗೆ ನಿಂತು, ಮೊದಲು ಗುದ್ದು ತೋರಿಸಿ, ಅವನು ಕೈ ಎತ್ತಿದಾಗ ಕೆಳಗೆ ಹೋಗಿ. ಗುದ್ದು ತೋರಿಸದೆ ದೂರದಿಂದ ಬರೀ ಕಾಲಿಗೆ ನುಗ್ಗುವುದು ಹೊಸಬರ ಮಟ್ಟದಲ್ಲಿ ನಡೆಯಬಹುದು, ಅದರಾಚೆ ನಡೆಯುವುದಿಲ್ಲ.

ಆಮೇಲೆ ಕೇಜ್, ಸುತ್ತಲಿನ ಬೇಲಿ. ಬಿದ್ದವನು ಬೇಲಿಗೆ ಬೆನ್ನು ಒತ್ತಿ, ಅಂಡರ್‌ಹುಕ್ ಹಾಕಿ, ಇಂಚಿಂಚೇ ಎದ್ದು ನಿಲ್ಲಬಹುದು. ಬೇಲಿಯನ್ನು ಬೆರಳಿಂದ ಹಿಡಿದರೆ ಫೌಲ್. ಕುಸ್ತಿಯಲ್ಲಾಗಲಿ ಜಿಯು ಜಿಟ್ಸುವಿನಲ್ಲಾಗಲಿ ಅಂಚಿಗೆ ಹೋದರೆ ರೆಫರಿ ಮಧ್ಯಕ್ಕೆ ಕರೆಯುತ್ತಾರೆ, ಹಾಗಾಗಿ ಈ ಪಾಠ ಎರಡರಲ್ಲೂ ಇಲ್ಲ. ಕೇಜ್ ಇಲ್ಲದಿದ್ದರೆ ಪ್ಯಾಡ್ ಹಾಕಿದ ಗೋಡೆಯಲ್ಲೇ ಅಭ್ಯಾಸ ಮಾಡಿ.

ಯುಎಫ್‌ಸಿಯ ಮಾಜಿ ಚಾಂಪಿಯನ್ ಖಬೀಬ್ ನುರ್ಮಗೊಮೆದೊವ್ ಅವರ ಫೈಟ್‌ಗಳನ್ನು ಈ ಕಣ್ಣಿನಿಂದ ಮತ್ತೆ ನೋಡಿ. ಬೇಲಿ ಹತ್ತಿರ ಕಾಲಿಗೆ ಕಾಲು ಗಂಟು ಹಾಕಿ, ಕೂತವನ ಒಂದು ಮಣಿಕಟ್ಟು ಬೆನ್ನ ಹಿಂದೆ ಹಿಡಿದು, ಇನ್ನೊಂದು ಕೈಯಿಂದ ಗುದ್ದುತ್ತಾರೆ. 29 ಗೆದ್ದು ಒಂದೂ ಸೋಲದೆ ನಿವೃತ್ತರಾದ ಈ ಕುಸ್ತಿ, ಸಾಂಬೊ (ರಷ್ಯಾದ ಕುಸ್ತಿಯಂಥ ಕಾಳಗ ವಿದ್ಯೆ) ಮನೆತನದ ಆಟಗಾರನ ಕೊನೆಯ ಮೂರೂ ಗೆಲುವು ಸಬ್ಮಿಷನ್‌ನಿಂದ ಬಂದವು.

ಹಂತ 7: ಮೊದಲ ಅಮೆಚೂರ್ ಫೈಟ್

ಅವಸರ ಬೇಡ. ಮೊದಲು ಒಂದೆರಡು ಕುಸ್ತಿ ಟೂರ್ನಿ ಅಥವಾ ನೋ-ಗಿ ಟೂರ್ನಿ ಆಡಿ. ಜನರ ಮುಂದೆ ಕೈ ನಡುಗುವುದು, ಮೊದಲ ನಿಮಿಷದಲ್ಲೇ ದಮ್ಮು ಕಟ್ಟುವುದು ಏಟು ಬೀಳದ ಜಾಗದಲ್ಲೇ ಗೊತ್ತಾಗಲಿ.

ಫೈಟ್ ಒಪ್ಪುವ ಮೊದಲು ಆಯೋಜಕರನ್ನು ಕೇಳಿ: ನೆಲದ ಮೇಲೆ ಮುಖಕ್ಕೆ ಗುದ್ದಬಹುದಾ? ಮೊಣಕೈ ಇದೆಯಾ? ಸುತ್ತು ಎಷ್ಟು ನಿಮಿಷ? ರಿಂಗ್ ಪಕ್ಕ ಡಾಕ್ಟರ್, ಹೊರಗೆ ಆಂಬ್ಯುಲೆನ್ಸ್ ಇರುತ್ತದಾ? ಕೊನೆಯದಕ್ಕೆ "ನೋಡೋಣ" ಅನ್ನುವ ಉತ್ತರ ಬಂದರೆ ಒಪ್ಪಬೇಡಿ. ನೀವು ಒಪ್ಪಿಕೊಳ್ಳುವ ಎದುರಾಳಿಗೆ ಎಷ್ಟು ಫೈಟ್ ಆಗಿದೆ ಅನ್ನುವುದನ್ನೂ ಕೇಳಿ.

ತೂಕದ ವಿಷಯದಲ್ಲಿ ಕುಸ್ತಿಯಿಂದ ಬಂದವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಎರಡು ದಿನ ನೀರು ಬಿಟ್ಟು, ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡಿ ನಾಲ್ಕೈದು ಕೆಜಿ ಇಳಿಸುವುದು. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುವಾಗಲೇ ಸತ್ತರು, ಆಮೇಲೆ ಅಲ್ಲಿನ ನಿಯಮಗಳೇ ಬದಲಾದವು. ಮೈಯಲ್ಲಿ ನೀರು ಕಡಿಮೆ ಇದ್ದಾಗ ತಲೆಗೆ ಪೆಟ್ಟು ಬೀಳುವ ಆಟ ಆಡುವುದು ಇನ್ನೂ ಅಪಾಯ. ಮೊದಲ ಫೈಟನ್ನು ನಿಮ್ಮ ದಿನನಿತ್ಯದ ತೂಕಕ್ಕೆ ಹತ್ತಿರದ ವರ್ಗದಲ್ಲೇ ಆಡಿ. ಅಭ್ಯಾಸದಲ್ಲಿ ತಲೆಗೆ ಜೋರು ಪೆಟ್ಟು ಬಿದ್ದು ವಾಂತಿ, ತಲೆಸುತ್ತು, ಮಂಪರು ಏನೇ ಕಂಡರೂ ಫೈಟ್ ರದ್ದು ಮಾಡಿ ಡಾಕ್ಟರ್‌ಗೆ ತೋರಿಸಿ. ಟಿಕೆಟ್ ಮಾರಿ ಆಗಿದೆ, ಪೋಸ್ಟರ್ ಅಂಟಿಸಿ ಆಗಿದೆ ಅಂತ ಯಾರು ಹೇಳಿದರೂ ಕೇಳಬೇಡಿ.